ಗಲಾಪಗೋಸ್‌ಗೆ ಮೊದಲು ಮೊಣಕಾಲು

ಗಲಾಪಗೋಸ್‌ಗೆ ಹೊರಟಿದ್ದೇವೆ ಅಂದರೆ ಸಾಕು, ಜನ ಮೊದಲು ಕೇಳುವುದು ಕ್ಯಾಮೆರಾ ಯಾವುದು ಅಂತ. ಆಮೇಲೆ ಖರ್ಚು ಎಷ್ಟು ಅಂತ. ಮೊಣಕಾಲು ಹೇಗಿದೆ ಅಂತ ಈವರೆಗೆ ಒಬ್ಬರೂ ಕೇಳಿಲ್ಲ. ನನ್ನನ್ನು ಕೇಳಿದರೆ ಮೊದಲು ಕೇಳಬೇಕಾದ್ದು ಅದನ್ನೇ.

ನನಗೆ 66, ಇವರಿಗೆ 71. ಇಬ್ಬರೂ ಉಡುಪಿ ಕಡೆಯವರು, ಮುಲುಂಡ್‌ನಲ್ಲಿ ಮನೆ. ನಾನು ಬ್ಯಾಂಕಿನಲ್ಲಿದ್ದೆ, ಇವರು ಒಂದು ಕೆಮಿಕಲ್ ಕಂಪೆನಿಯಲ್ಲಿ. ಸರ್ವಿಸಿನಲ್ಲಿ ಇರುವಷ್ಟು ದಿನ ರಜೆ ಅಂದರೆ ಊರು. ಕೋಲ, ಮದುವೆ, ಗೃಹಪ್ರವೇಶ, ಮತ್ತೆ ವಾಪಸ್ ಮುಂಬೈ. ಈಗ ಸಮಯವಿದೆ, ಸ್ವಲ್ಪ ಹಣವೂ ಇದೆ. ಇಲ್ಲದ್ದು ಮೂವತ್ತರ ಕಾಲು ಮಾತ್ರ. ಪ್ರಾಣಿಗಳನ್ನು ನೋಡುವ ಹುಚ್ಚು ಇಬ್ಬರಿಗೂ ಇದೆ. ಹಾಗಾಗಿ ದೇವಸ್ಥಾನಗಳನ್ನು ಇನ್ನೂ ವಯಸ್ಸಾದ ಮೇಲೆ ನೋಡೋಣ, ಕಾಲು ನಡೆಯುವಾಗಲೇ ದ್ವೀಪಗಳನ್ನು ನೋಡಿಬಿಡೋಣ ಅಂತ ತೀರ್ಮಾನಿಸಿದೆವು. ನಾದಿನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಇರಲಿ.

ಗಲಾಪಗೋಸ್ ಇರುವುದು ಪೆಸಿಫಿಕ್ ಸಾಗರದಲ್ಲಿ, ಈಕ್ವೆಡಾರ್ ದೇಶದ ಕರಾವಳಿಯಿಂದ ಸುಮಾರು 1,000 ಕಿಲೋಮೀಟರ್ ಪಶ್ಚಿಮಕ್ಕೆ, ಸರಿಯಾಗಿ ಭೂಮಧ್ಯರೇಖೆಯ ಮೇಲೆ. ಜ್ವಾಲಾಮುಖಿಗಳು ಉಗುಳಿ ಎದ್ದ ದ್ವೀಪಗಳು. ಯಾವ ಖಂಡಕ್ಕೂ ಅಂಟಿಕೊಂಡಿದ್ದವಲ್ಲ. ಹಾರಿಕೊಂಡೋ ತೇಲಿಕೊಂಡೋ ಬಂದ ಜೀವಿಗಳಷ್ಟೇ ಅಲ್ಲಿ ಉಳಿದು, ತಮ್ಮದೇ ದಾರಿ ಹಿಡಿದವು. ಸಮುದ್ರಕ್ಕೆ ಇಳಿದು ಪಾಚಿ ಮೇಯುವ ಇಗ್ವಾನ ಅಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಹಾರುವುದನ್ನೇ ಮರೆತ ನೀರುಕಾಗೆ ಇದೆ. ಸುಡುವ ಭೂಮಧ್ಯರೇಖೆಯ ಮೇಲೆ ಪೆಂಗ್ವಿನ್ ಇದೆ. ಅಲ್ಲಿ ದೊಡ್ಡ ಬೇಟೆಪ್ರಾಣಿಗಳು ಇರಲಿಲ್ಲ. ಹಾಗಾಗಿ ಮನುಷ್ಯರನ್ನು ಕಂಡರೆ ಓಡಬೇಕು ಅಂತ ಅವಕ್ಕೆ ಹೊಳೆಯುವುದೇ ಇಲ್ಲ. ಎರಡು ಮೀಟರ್ ದೂರ ನಿಲ್ಲಬೇಕು ಅನ್ನುವ ನಿಯಮ ಇರುವುದು ನಮಗೆ. ಅವು ಅದನ್ನು ಪಾಲಿಸುವುದಿಲ್ಲ.

ಡಾರ್ವಿನ್ 1835ರಲ್ಲಿ ಅಲ್ಲಿ ಐದು ವಾರ ಇದ್ದ. ಆಗ ಅವನಿಗೆ 26 ವಯಸ್ಸು, ನಮ್ಮ ಮಗಳಿಗಿಂತ ಚಿಕ್ಕವ. ಹಡಗು ತೂಗಿದಾಗಲೆಲ್ಲ ವಾಂತಿಯಿಂದ ಒದ್ದಾಡಿದ ಪಾಪದ ಹುಡುಗ. ಅದನ್ನು ಓದಿದ ಮೇಲೆ ನನಗೆ ಅವನ ಮೇಲೆ ಗೌರವ ಇನ್ನೂ ಜಾಸ್ತಿಯಾಯಿತು.

ಆದರೆ ನನ್ನ ಹೀರೋ ಡಾರ್ವಿನ್ ಅಲ್ಲ, ಡಿಯೇಗೋ ಎಂಬ ಆಮೆ. ಎಸ್ಪಾನ್ಯೋಲಾ ದ್ವೀಪದ ದೈತ್ಯ ಆಮೆಗಳು ಒಂದು ಕಾಲಕ್ಕೆ 14 ಮಾತ್ರ ಉಳಿದಿದ್ದವು. ಅಮೆರಿಕದ ಸಾನ್ ಡಿಯೇಗೋ ಮೃಗಾಲಯದಲ್ಲಿದ್ದ ಇದೇ ಜಾತಿಯ ಇನ್ನೊಂದು ಗಂಡನ್ನು ತಂದು ಅವುಗಳ ಜೊತೆ ಬಿಟ್ಟರು. ಅದರ ಸಂತಾನವೇ ನೂರಾರು. 2020ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ, ಕೆಲಸ ಮುಗಿಯಿತು ಅಂತ ಅದನ್ನು ಹುಟ್ಟೂರಿಗೆ ಕಳಿಸಿಕೊಟ್ಟರು. ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಒಂದು ನಾಟಕ ಮುಗಿದ ಮೇಲೆ ಕಾಫಿ ಕುಡಿಯುತ್ತಾ ಇವರು ಈ ಕಥೆ ಹೇಳಿದರು. ನಿವೃತ್ತರ ಗುಂಪಿನಲ್ಲಿ ಎದ್ದ ನಗು ನಾಟಕಕ್ಕೂ ಎದ್ದಿರಲಿಲ್ಲ.

ಈಗ ಮೊಣಕಾಲಿನ ವಿಷಯ.

ನಾವು ಹೊರಟಿರುವುದು ಕ್ರೂಸಿನಲ್ಲಿ, ಅಂದರೆ ದೋಣಿಯಲ್ಲೇ ಉಳಿದುಕೊಂಡು ದ್ವೀಪಗಳನ್ನು ಸುತ್ತುವ ಪ್ರವಾಸ. ಕ್ರೂಸ್ ಅಂದ ಕೂಡಲೇ ನಮ್ಮವರ ಕಣ್ಣಿಗೆ ಬರುವುದು ಲಿಫ್ಟು, ಕ್ಯಾಸಿನೋ, ಬುಫೆ ಇರುವ ಹತ್ತು ಮಹಡಿಯ ಹಡಗು. ಇದು ಹಾಗಲ್ಲ. ಗಲಾಪಗೋಸ್‌ನಲ್ಲಿ 100 ಜನರಿಗಿಂತ ದೊಡ್ಡ ಪ್ರವಾಸಿ ಹಡಗಿಗೆ ಅವಕಾಶವೇ ಇಲ್ಲ. ಹೆಚ್ಚಿನವು 16 ಜನರ ದೋಣಿಗಳು. 16 ಜನಕ್ಕೆ ಗಲಾಪಗೋಸ್ ರಾಷ್ಟ್ರೀಯ ಪಾರ್ಕಿನ ಪರವಾನಗಿ ಇರುವ ಒಬ್ಬ ಗೈಡ್ ಇರಲೇಬೇಕು. ಸಣ್ಣ ದೋಣಿಯಲ್ಲಿ ಲಿಫ್ಟ್ ಇಲ್ಲ, ಏಣಿಯಂಥ ಕಡಿದಾದ ಮೆಟ್ಟಿಲು. ಬಚ್ಚಲಿಗೆ ಎತ್ತರದ ಹೊಸ್ತಿಲು. ದೋಣಿ ಸಾಮಾನ್ಯವಾಗಿ ರಾತ್ರಿಯೇ ಪ್ರಯಾಣ ಮಾಡುತ್ತದೆ. ನಮ್ಮ ವಯಸ್ಸಿನವರು ರಾತ್ರಿ ಎರಡು ಸಲ ಏಳುತ್ತೇವೆ ಅಲ್ವಾ, ಆಗ ತೂಗುವ ನೆಲದ ಮೇಲೆ ಗೋಡೆ ಹಿಡಿದು ನಡೆಯಬೇಕು.

ಅದಾದರೂ ಸರಿ. ನಿಜವಾದ ಪರೀಕ್ಷೆ ಬೇರೆ ಇದೆ. ಜನವಸತಿ ಇಲ್ಲದ ದ್ವೀಪಗಳಲ್ಲಿ ದೊಡ್ಡ ದೋಣಿ ದಡಕ್ಕೆ ಹೋಗುವುದಿಲ್ಲ. ದೂರದಲ್ಲಿ ಲಂಗರು ಹಾಕುತ್ತದೆ. ಅಲ್ಲಿಂದ ಸಣ್ಣ ರಬ್ಬರ್ ದೋಣಿಗೆ ಇಳಿಯಬೇಕು, ಅದರಿಂದ ದಡಕ್ಕೆ. ಇದು ದಿನಕ್ಕೆ ಎರಡು ಸಲ, ಸ್ನಾರ್ಕೆಲಿಂಗ್ (ಕೊಳವೆಯಲ್ಲಿ ಉಸಿರಾಡುತ್ತಾ ತೇಲಿ ನೀರಿನೊಳಗೆ ನೋಡುವುದು) ಇದ್ದರೆ ಇನ್ನೂ ಜಾಸ್ತಿ. ಇಳಿಯುವುದರಲ್ಲೂ ಎರಡು ಬಗೆ. ಒಂದು ಒಣ ಇಳಿತ. ಹೆಸರು ಕೇಳಿ ಸಮಾಧಾನಪಡಬೇಡಿ. ಅಲೆಗೆ ಏಳುತ್ತಾ ಬೀಳುತ್ತಾ ಇರುವ ದೋಣಿಯ ಮೂತಿಯಿಂದ ಪಾಚಿ ಕಟ್ಟಿದ ಬಂಡೆಗೆ ಕಾಲಿಡಬೇಕು. ಇನ್ನೊಂದು ಒದ್ದೆ ಇಳಿತ. ದೋಣಿಯ ಅಂಚಿನಲ್ಲಿ ಕೂತು, ಎರಡೂ ಕಾಲನ್ನು ಆಚೆ ತಿರುಗಿಸಿ, ಮೊಣಕಾಲುದ್ದ ನೀರಿಗೆ ಇಳಿದು ಮರಳಿಗೆ ನಡೆಯುವುದು. ನನಗೆ ಒದ್ದೆಯದ್ದೇ ಸುಲಭ ಅನ್ನಿಸುತ್ತದೆ. ಮಲ್ಪೆ ಕಡಲ ತೀರದಲ್ಲಿ ಬೆಳೆದವಳು ನಾನು. ಬಂಡೆಯನ್ನು ನಂಬುವುದಿಲ್ಲ, ಮರಳನ್ನು ನಂಬುತ್ತೇನೆ.

ಇದಕ್ಕೆಲ್ಲ ಒಂದು ಹಿಡಿತವಿದೆ. ಕೈಕುಲುಕುವ ಹಾಗೆ ಅಂಗೈ ಹಿಡಿಯಬಾರದು. ನೀವು ದೋಣಿಯವನ ಮಣಿಕಟ್ಟಿನ ಮೇಲ್ಭಾಗ ಹಿಡಿಯಬೇಕು, ಅವನು ನಿಮ್ಮದನ್ನು ಹಿಡಿಯುತ್ತಾನೆ. ಒಬ್ಬರ ಕೈ ಜಾರಿದರೂ ಇನ್ನೊಬ್ಬರ ಹಿಡಿತ ಉಳಿಯುತ್ತದೆ. ಬ್ಯಾಗನ್ನು ಮೊದಲೇ ದಾಟಿಸಿಬಿಡಬೇಕು, ಎರಡೂ ಕೈ ಖಾಲಿ ಇರಬೇಕು. ಅವನು ಹೇಳುವ ತನಕ ಕಾಲೆತ್ತಬಾರದು. ಹೇಳಿದ ಮೇಲೆ ತಡಮಾಡಬಾರದು. ಅಲೆ ದೋಣಿಯನ್ನು ಮೇಲೆ ತಂದ ಆ ಒಂದು ಕ್ಷಣದಲ್ಲಿ ಹೆಜ್ಜೆ ಇಟ್ಟುಬಿಡಬೇಕು, ಹಾರಬಾರದು.

ಓದಿ ತಿಳಿಯುವ ವಿಷಯವಲ್ಲ ಇದು. ಅದೃಷ್ಟಕ್ಕೆ ನಮ್ಮೂರು ಮುಂಬೈ. ಗೇಟ್‌ವೇ ಆಫ್ ಇಂಡಿಯಾದಿಂದ ಘಾರಾಪುರಿಗೆ, ಅಂದರೆ ಎಲಿಫೆಂಟಾಕ್ಕೆ, ಲಾಂಚ್‌ಗಳು ಹೋಗುತ್ತವೆ. ಒಂದು ಗಂಟೆಯ ದಾರಿ. ಸೋಮವಾರ ಗುಹೆಗಳು ಮುಚ್ಚಿರುತ್ತವೆ, ಉಳಿದ ದಿನ ಹೋಗಬಹುದು. ಗೇಟ್‌ವೇ ಬಳಿ ಲಾಂಚ್‌ಗಳು ಒಂದರ ಪಕ್ಕ ಒಂದು ನಿಂತಿರುತ್ತವೆ. ನಮ್ಮ ಲಾಂಚ್ ಮೂರನೆಯದಾದರೆ ಮೊದಲಿನ ಎರಡನ್ನು ದಾಟಿಕೊಂಡೇ ಹೋಗಬೇಕು. ಎರಡು ದೋಣಿಗಳ ನಡುವಿನ ಸಂದು ತೆರೆಯುತ್ತದೆ, ಮುಚ್ಚುತ್ತದೆ. ಮುಂಬೈ ಬಂದರಿನಲ್ಲಿ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಉಬ್ಬರ ಇಳಿತಗಳ ವ್ಯತ್ಯಾಸ ನಾಲ್ಕು ಮೀಟರ್ ದಾಟುತ್ತದೆ. ಬೆಳಿಗ್ಗೆ ಸಮನಾಗಿದ್ದ ಮೆಟ್ಟಿಲು ಸಂಜೆಗೆ ಎದೆಯೆತ್ತರ ಆಗಿರಬಹುದು. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ? 2024ರ ಡಿಸೆಂಬರಿನಲ್ಲಿ ಇದೇ ನೀರಿನಲ್ಲಿ ದೊಡ್ಡ ಅಪಘಾತ ಆಗಿ ಜೀವಗಳು ಹೋದವು. ಅದರ ನಂತರ ಲೈಫ್ ಜಾಕೆಟ್ ವಿಷಯದಲ್ಲಿ ಬಿಗಿ ಬಂದಿದೆ. ಆ ಜಾಕೆಟ್ ಹಾಕಿಕೊಂಡು ಹತ್ತಿ ಇಳಿದು ಅಭ್ಯಾಸ ಮಾಡಿದ್ದೂ ಒಳ್ಳೆಯದೇ ಆಯಿತು. ಅದನ್ನು ಹಾಕಿಕೊಂಡರೆ ನಮ್ಮ ಕಾಲು ನಮಗೇ ಕಾಣುವುದಿಲ್ಲ.

ಇವರದ್ದು ಬೇರೆಯೇ ಸಮಸ್ಯೆ. ಕಾಲು ಗಟ್ಟಿ ಇದೆ, ಕೈ ಕೊಡುವುದಿಲ್ಲ. ಮೂರು ದಶಕ ಬೆಳಗಿನ ಫಾಸ್ಟ್ ಲೋಕಲ್‌ಗೆ ನುಗ್ಗಿ ಹತ್ತಿದ ಮನುಷ್ಯ. ಯಾರಾದರೂ ಕೈ ಚಾಚಿದರೆ ಅವಮಾನ ಆದ ಹಾಗೆ ಮುಖ ಮಾಡುತ್ತಾರೆ. ಲಾಂಚಿನ ಹುಡುಗ "ಕಾಕಾ, ಹಾತ್ ದ್ಯಾ", ಕೈ ಕೊಡಿ ಅಂದರೆ, ಇವರು ಕಂಬ ಹಿಡಿಯಲು ನೋಡುವುದು. ನಾನು ಹೇಳಿದ್ದು ಕೇಳಲಿಲ್ಲ, ಮಗಳು ಫೋನಿನಲ್ಲಿ ಬೈದದ್ದೂ ಕೇಳಲಿಲ್ಲ. ಕೊನೆಗೆ ಕೇಳಿದ್ದು ಆ ಹುಡುಗ ಮರಾಠಿಯಲ್ಲಿ ಹೇಳಿದ ಮಾತು. "ಕಾಕಾ, ನಿಮಗೋಸ್ಕರ ಅಲ್ಲ. ನೀವು ಬಿದ್ದರೆ ಮಾಲೀಕ ನನ್ನನ್ನು ಮನೆಗೆ ಕಳಿಸುತ್ತಾನೆ." ಇವರು ಗಂಭೀರವಾಗಿ ಕೈ ಕೊಟ್ಟರು. ಯಾರದೋ ನೌಕರಿ ಉಳಿಸುವುದು ಬೇರೆ ಮಾತು, ಅಲ್ವಾ.

ನಿವೃತ್ತರ ಪ್ರವಾಸದಲ್ಲಿ ಅತಿ ಕಷ್ಟದ ತಯಾರಿ ಇದೇ ಅಂತ ನನಗೆ ಅನ್ನಿಸುತ್ತಿದೆ. ಶಕ್ತಿ ಬೆಳೆಸುವುದು ಸುಲಭ. ಇಷ್ಟೇ ಇದೆ ಅಂತ ಒಪ್ಪಿ, ಉಳಿದದ್ದಕ್ಕೆ ಇನ್ನೊಬ್ಬರ ಕೈ ಹಿಡಿಯುವುದು ಕಷ್ಟ.

ಶಕ್ತಿ ಬೆಳೆಸುವ ಕೆಲಸ ಮನೆಯಲ್ಲೇ ನಡೆಯುತ್ತಿದೆ. ಫಿಸಿಯೋಥೆರಪಿಸ್ಟ್ ಹುಡುಗಿ ಒಂದು ಸರಳ ಪರೀಕ್ಷೆ ಮಾಡಿಸಿದಳು. ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಂಡು, ಕುರ್ಚಿಯಿಂದ ಎದ್ದು ಕೂರುವುದು. 30 ಸೆಕೆಂಡಿನಲ್ಲಿ ಎಷ್ಟು ಸಲ ಆಗುತ್ತದೆ ಅಂತ ಲೆಕ್ಕ. ನನ್ನ ವಯಸ್ಸಿನ ಹೆಂಗಸರಿಗೆ 11ಕ್ಕಿಂತ ಕಡಿಮೆ, ಇವರ ವಯಸ್ಸಿನ ಗಂಡಸರಿಗೆ 12ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಜಾಸ್ತಿ ಅಂತ ಅರ್ಥ. ನೀವೂ ಈಗಲೇ ಮಾಡಿ ನೋಡಿ, ಗಟ್ಟಿ ಕುರ್ಚಿ ಇರಲಿ, ಹಿಂದೆ ಗೋಡೆ ಇರಲಿ. ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲುವುದು ಇನ್ನೊಂದು. ಬೇಸಿನ್ ಹಿಡಿಯಲು ಒಂದು ಕೈ ಸಿದ್ಧ ಇರಬೇಕು ಅಷ್ಟೇ. ಎಲಿಫೆಂಟಾದ ಗುಹೆಗೆ ಹೋಗುವ 120 ಮೆಟ್ಟಿಲುಗಳಲ್ಲಿ ನಾವು ಇಳಿಯುವುದನ್ನು ಅಭ್ಯಾಸ ಮಾಡುತ್ತೇವೆ. ಹತ್ತುವುದರಲ್ಲಿ ಉಸಿರು ಹೋಗುತ್ತದೆ, ನಿಂತರೆ ವಾಪಸ್ ಬರುತ್ತದೆ. ಇಳಿಯುವುದರಲ್ಲಿ ಮೊಣಕಾಲು ಹೋಗುತ್ತದೆ. ಗಲಾಪಗೋಸ್‌ನ ಬಾರ್ತಲೊಮೆ ದ್ವೀಪದಲ್ಲಿ ಮೇಲಿನ ನೋಟಕ್ಕೆ ಮರದ ಮೆಟ್ಟಿಲುಗಳೇ ಮುನ್ನೂರು ದಾಟುತ್ತವೆ. ನೆರಳು ಅಂತ ಒಂದು ಎಲೆಯೂ ಇಲ್ಲ.

ಊರುಗೋಲು ಅಂದರೆ ಇವರು ಮುಟ್ಟುವುದಿಲ್ಲ. ಟ್ರೆಕ್ಕಿಂಗ್ ಪೋಲ್ ಅಂದೆ, ಎರಡು ತಂದರು. ತುದಿಗೆ ರಬ್ಬರ್ ಬಿರಡೆ ಇರುವಂಥದ್ದೇ ತರಿಸಿದೆ. ಬರೀ ಲೋಹದ ಮೊನೆ ಲಾವಾ ಬಂಡೆಯನ್ನೂ ಗೀರುತ್ತದೆ, ಜಾರುತ್ತದೆ ಕೂಡ.

ಇನ್ನು ಸೂಜಿಯ ಕಥೆ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಟೂರ್ ಮಾಡಿಸುವವರು ಇದನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ.

ಈಕ್ವೆಡಾರ್‌ನ ಅಮೆಜಾನ್ ಕಾಡಿನ ಕಡೆ ಯೆಲ್ಲೋ ಫೀವರ್ ಇದೆ. ಗಲಾಪಗೋಸ್‌ನಲ್ಲಿ ಇಲ್ಲ. ಆದರೆ ಭಾರತ ಸರ್ಕಾರ ನೋಡುವುದು ನೀವು ಯಾವ ದೇಶದಿಂದ ಬಂದಿರಿ ಅಂತ. ಯೆಲ್ಲೋ ಫೀವರ್ ನಮ್ಮಲ್ಲಿಲ್ಲ, ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ಧಾರಾಳ ಇದೆ. ಹಾಗಾಗಿ ಈ ಬಿಗಿ ನ್ಯಾಯವೇ. ಸರ್ಕಾರದ ಯೆಲ್ಲೋ ಫೀವರ್ ಪಟ್ಟಿಯಲ್ಲಿರುವ ದೇಶವನ್ನು ಬಿಟ್ಟು ಆರು ದಿನದೊಳಗೆ ಭಾರತಕ್ಕೆ ಬಂದರೆ ಲಸಿಕೆಯ ಸರ್ಟಿಫಿಕೇಟ್ ತೋರಿಸಬೇಕು. ಇಲ್ಲದಿದ್ದರೆ ಆರು ದಿನದ ತನಕ ಪ್ರತ್ಯೇಕವಾಗಿ ಇಡಬಹುದು. ಲಸಿಕೆ ಸಿಗುವುದು ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ, ಓಣಿಯ ಡಾಕ್ಟರ ಹತ್ತಿರ ಅಲ್ಲ. ಹಾಕಿಸಿಕೊಂಡು ಹತ್ತು ದಿನ ಆದ ಮೇಲೆಯೇ ಸರ್ಟಿಫಿಕೇಟಿಗೆ ಬೆಲೆ.

ಯುವಕರಿಗೆ ಇಷ್ಟೇ ವಿಷಯ. ಅರವತ್ತು ದಾಟಿದವರಿಗೆ ಇನ್ನೊಂದು ಗಂಟಿದೆ. ಇದು ಜೀವಂತ ವೈರಸ್ಸಿನ ಲಸಿಕೆ. ಮೊದಲ ಸಲ ಹಾಕಿಸಿಕೊಳ್ಳುವವರು 60 ದಾಟಿದ್ದರೆ, ಅಪರೂಪವಾದರೂ, ಗಂಭೀರ ತೊಂದರೆಯ ಸಾಧ್ಯತೆ ಕಿರಿಯರಿಗಿಂತ ಜಾಸ್ತಿ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರಿಗೆ, ಥೈಮಸ್ ಗ್ರಂಥಿಯ ತೊಂದರೆ ಇದ್ದವರಿಗೆ ಅದು ಬೇಡವೇ ಬೇಡ. ಹಾಗಾಗಿ ನಮ್ಮ ವಯಸ್ಸಿನವರು ಮೊದಲು ತಮ್ಮ ಡಾಕ್ಟರ ಎದುರು ಕೂತು ಮಾತಾಡಬೇಕು. ಟಿಕೆಟ್ ಆಮೇಲೆ.

ನನಗೆ ಈ ತಲೆನೋವು ಇರಲಿಲ್ಲ. ಸರ್ವಿಸಿನಲ್ಲಿದ್ದಾಗ ಬ್ಯಾಂಕಿನ ಗೆಳತಿಯರ ಜೊತೆ ಕೀನ್ಯಾಕ್ಕೆ ಹೋಗಿದ್ದೆ, ಆಗಿನ ಲಸಿಕೆಯ ಹಳದಿ ಕಾರ್ಡ್ ಸ್ಟೀಲ್ ಕಪಾಟಿನಲ್ಲಿ ಎಲ್ಲೈಸಿ ಪಾಲಿಸಿಗಳ ನಡುವೆ ಸಿಕ್ಕಿತು. ಹತ್ತು ವರ್ಷಕ್ಕೆ ಅಂತ ಬರೆದಿದೆ. ಆದರೆ 2016ರ ಜುಲೈಯಿಂದ ಅಂತರರಾಷ್ಟ್ರೀಯ ನಿಯಮ ಬದಲಾಗಿ, ಹಳೆಯ ಕಾರ್ಡುಗಳೂ ಜೀವನಪರ್ಯಂತ ನಡೆಯುತ್ತವೆ. ಇವರು ಆಗ ಬಂದಿರಲಿಲ್ಲ. "ಸಿಂಹ ನೋಡುವುದಕ್ಕೆ ಅಷ್ಟು ದೂರ ಯಾಕೆ" ಅಂದಿದ್ದರು. ಈಗ 71ರಲ್ಲಿ ಮೊದಲ ಡೋಸ್.

ಇವರ ಫೈಲನ್ನೆಲ್ಲ ನೋಡಿ ಡಾಕ್ಟರ್ ಬೇಡ ಅಂದರು. ವೈದ್ಯಕೀಯ ಕಾರಣದಿಂದ ಲಸಿಕೆ ಕೊಟ್ಟಿಲ್ಲ ಅಂತ ಪತ್ರ ಕೊಡಬಹುದು, ಆದರೆ ವಿಮಾನ ನಿಲ್ದಾಣದ ಆರೋಗ್ಯ ಅಧಿಕಾರಿ ಅದನ್ನು ಒಪ್ಪಲೇಬೇಕು ಅಂತೇನಿಲ್ಲ ಅಂದರು. ಮನೆಗೆ ಬಂದು ಇವರು ಸಪ್ಪೆ ಮುಖ ಮಾಡಿಕೊಂಡು ಸುಮ್ನೆ ಕೂತರು. ನಾನು ನಿಯಮವನ್ನು ಮತ್ತೆ ಓದಿದೆ. ಬ್ಯಾಂಕಿನಲ್ಲಿ ಸರ್ಕ್ಯುಲರ್ ಓದಿ ಓದಿ ಬಂದ ಚಟ ಅದು. ಆರು ದಿನದೊಳಗೆ ಬಂದರೆ ತಾನೆ? ಇವರ ಅಣ್ಣನ ಮಗ ನೆದರ್ಲ್ಯಾಂಡ್ಸ್‌ನಲ್ಲಿದ್ದಾನೆ. ಹೇಗೂ ದಾರಿ ಯುರೋಪಿನ ಮೇಲೆಯೇ. ಬರುವಾಗ ಅವನ ಮನೆಯಲ್ಲಿ ಒಂದು ವಾರಕ್ಕಿಂತ ಸ್ವಲ್ಪ ಜಾಸ್ತಿ ಇದ್ದು ಬಂದರೆ ನಿಯಮವೂ ಉಳಿಯಿತು, ಅತ್ತಿಗೆಗೆ ಮೊಮ್ಮಗುವಿನ ಫೋಟೋವೂ ಸಿಕ್ಕಿತು. ಷೆಂಗನ್ ವೀಸಾದ ಖರ್ಚು ಬಂತು, ಬರಲಿ. ಈಕ್ವೆಡಾರ್‌ಗೂ ವೀಸಾ ಬೇಕು, 2019ರಿಂದ ಭಾರತೀಯರಿಗೆ ಅದು ಕಡ್ಡಾಯ. ಇಂಥ ನಿಯಮಗಳು ಆಗಾಗ ಬದಲಾಗುತ್ತವೆ. ನಾನು ಬರೆದೆ ಅಂತ ನಂಬದೆ, ಹೊರಡುವ ಮೊದಲು ಸರ್ಕಾರದ ಈಗಿನ ಪಟ್ಟಿ ನೋಡಿಕೊಳ್ಳಿ.

ಕ್ವಿಟೋ ಊರನ್ನು ನಮ್ಮ ದಾರಿಯಿಂದ ತೆಗೆದುಹಾಕಿದ್ದೂ ಡಾಕ್ಟರ ಮಾತಿನಿಂದಲೇ. ಈಕ್ವೆಡಾರ್‌ನ ರಾಜಧಾನಿ ಸಮುದ್ರಮಟ್ಟದಿಂದ 2,850 ಮೀಟರ್ ಎತ್ತರದಲ್ಲಿದೆ. ಊಟಿಗಿಂತ ಆರುನೂರು ಮೀಟರ್ ಮೇಲೆ. ಮುಂಬೈಯಿಂದ ಹೋಗಿ ನೇರ ಅಲ್ಲಿ ಇಳಿದರೆ ತಲೆನೋವು, ಏದುಸಿರು, ನಿದ್ದೆ ಬಾರದ ರಾತ್ರಿ. ಗ್ವಾಯಾಕಿಲ್ ಎಂಬ ಇನ್ನೊಂದು ಊರು ಸಮುದ್ರಮಟ್ಟದಲ್ಲೇ ಇದೆ, ಗಲಾಪಗೋಸ್‌ಗೆ ಅಲ್ಲಿಂದಲೂ ವಿಮಾನ ಇದೆ. ಬಿಪಿ ಇರುವವರಿಗೆ ಇದೇ ಒಳ್ಳೆಯದು. ಹಳೆಯ ಚರ್ಚುಗಳ ಫೋಟೋ ಇಂಟರ್ನೆಟ್ಟಿನಲ್ಲಿ ನೋಡಿದರಾಯಿತು.

ಸಮುದ್ರದ ತಲೆಸುತ್ತಿಗೆ ಗುಳಿಗೆ ಎಲ್ಲರೂ ಹೇಳುತ್ತಾರೆ. ಸ್ಟುಜೆರಾನ್, ಅವೋಮಿನ್ ಹೆಸರು ಕೇಳದ ಮನೆ ಇದೆಯಾ? ಘಾಟಿಯ ಬಸ್ಸಿಗೆ ಮಕ್ಕಳಿಗೆ ಕೊಟ್ಟವರೇ ನಾವು. ಆದರೆ ವಯಸ್ಸಾದ ಮೇಲೆ ಇಂಥ ಗುಳಿಗೆಗಳು ಹೆಚ್ಚು ತೂಕಡಿಕೆ ತರುತ್ತವೆ. ತೂಗುವ ಮೆಟ್ಟಿಲಿನ ಮೇಲೆ ತೂಕಡಿಸುವ ಮುದುಕರು ಯಾರಿಗೂ ಬೇಡ. ಅವೋಮಿನ್‌ನಂಥವು ಪ್ರಾಸ್ಟೇಟ್ ತೊಂದರೆ ಇರುವ ಗಂಡಸರಿಗೆ ಮೂತ್ರ ಕಟ್ಟುವ ಹಾಗೆಯೂ ಮಾಡಬಹುದು. ಕಿವಿಯ ಹಿಂದೆ ಅಂಟಿಸುವ ಸ್ಕೊಪೊಲಮಿನ್ ಪಟ್ಟಿಯಿಂದ ಹಿರಿಯರಿಗೆ ಗೊಂದಲ, ಮರೆವು ಆಗುವುದುಂಟು, ಕೆಲವು ಬಗೆಯ ಗ್ಲಾಕೋಮಾಕ್ಕಂತೂ ಅದು ಆಗದು. ಹಾಗಾಗಿ ಯಾವ ಗುಳಿಗೆ ಅಂತ ಡಾಕ್ಟರನ್ನು ಕೇಳಿ, ಅದನ್ನು ಮನೆಯಲ್ಲೇ ಒಂದು ರಾತ್ರಿ ನುಂಗಿ ನೋಡಿದೆವು. ಇವರು ಮರುದಿನ ಹತ್ತು ಗಂಟೆಯ ತನಕ ಎದ್ದೇಳಲಿಲ್ಲ. ಗುಳಿಗೆ ಬದಲಾಯಿತು. ಕ್ಯಾಬಿನ್ ಕೂಡ ಕೆಳಗಿನ ಮಹಡಿಯ ನಡುಭಾಗದ್ದೇ ಕೇಳಿದ್ದೇವೆ, ತೂಗಾಟ ಅಲ್ಲಿ ಕಡಿಮೆ. ಇಂಜಿನ್ನಿನ ಸದ್ದು ಇರುತ್ತದಂತೆ. ರೈಲ್ವೆ ಹಳಿಯ ಪಕ್ಕ ಸಂಸಾರ ಮಾಡಿದವರಿಗೆ ಅದೇನು ದೊಡ್ಡದು.

ದಿನದ ಗುಳಿಗೆಗಳದ್ದು ಇನ್ನೊಂದು ತಮಾಷೆ. ಗಲಾಪಗೋಸ್ ಗಡಿಯಾರ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ ಎಂಟಾದರೆ ಅಲ್ಲಿ ಬೆಳಿಗ್ಗೆ ಎಂಟೂವರೆ. ಬಿಪಿ, ಥೈರಾಯ್ಡ್, ಶುಗರ್ ಗುಳಿಗೆಗಳನ್ನು ದಾರಿಯಲ್ಲಿ ಹೇಗೆ ಹೊಂದಿಸಬೇಕು ಅಂತ ಡಾಕ್ಟರ ಕೈಯಲ್ಲೇ ಬರೆಸಿಕೊಂಡೆ. ಔಷಧಿಯ ಮೂಲ ಹೆಸರು ಇರುವ ಚೀಟಿ ಬೇಕು, ನಮ್ಮ ಬ್ರಾಂಡ್ ಹೆಸರು ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲವೂ ಎರಡು ಪಾಲು. ಒಂದು ನನ್ನ ಕೈಚೀಲದಲ್ಲಿ, ಒಂದು ಇವರದ್ದರಲ್ಲಿ. ದೊಡ್ಡ ಸೂಟ್‌ಕೇಸಿಗೆ ಒಂದು ಗುಳಿಗೆಯನ್ನೂ ಹಾಕುವುದಿಲ್ಲ.

ಸೂಟ್‌ಕೇಸ್ ಅಂದಾಗ ನೆನಪಾಯಿತು. ನಮ್ಮವರು ಎಲ್ಲಿಗೆ ಹೊರಟರೂ ಒಂದು ಅಡಿಗೆಮನೆಯನ್ನು ಕಟ್ಟಿಕೊಂಡು ಹೋಗುತ್ತಾರೆ. ಇಲ್ಲಿ ಅದು ನಡೆಯುವುದಿಲ್ಲ. ಗಲಾಪಗೋಸ್‌ಗೆ ಹೋಗುವ ಸಾಮಾನನ್ನು ಈಕ್ವೆಡಾರ್‌ನ ವಿಮಾನ ನಿಲ್ದಾಣದಲ್ಲೇ ತಪಾಸಣೆ ಮಾಡಿ ಸೀಲ್ ಹಾಕುತ್ತಾರೆ. ಹಣ್ಣು, ಗಿಡ, ಮಣ್ಣು, ಬೀಜ ಯಾವುದೂ ಹೋಗುವಂತಿಲ್ಲ. ಶೂ ಅಡಿಯ ಮಣ್ಣನ್ನೂ ತೊಳೆದಿರಬೇಕು. ನನ್ನ ಒಗ್ಗರಣೆ ಡಬ್ಬಿಯನ್ನು ತೆರೆದು ನೋಡಿದೆ. ಸಾಸಿವೆ, ಜೀರಿಗೆ, ಮೆಂತ್ಯ, ಕೊತ್ತಂಬರಿ, ಉದ್ದು. ಇಂಗು ಬಿಟ್ಟರೆ ಎಲ್ಲವೂ ಬೀಜವೇ. ಡಬ್ಬಿ ಮನೆಯಲ್ಲೇ ಇರಲಿ ಅಂತ ಮುಚ್ಚಿಟ್ಟೆ.

ಈ ಕಟ್ಟುನಿಟ್ಟು ಅತಿಯಾಯಿತು ಅಂತ ಇವರು ಗೊಣಗಿದರು. ಆಗ ನಾನು ಓದಿದ ಒಂದು ಸಂಗತಿ ಹೇಳಿದೆ. ಇವತ್ತು ಗಲಾಪಗೋಸ್ ಕಾಡುಗಳನ್ನು ತಿನ್ನುತ್ತಿರುವ ಕೆಟ್ಟ ಕಳೆಗಳಲ್ಲಿ ಒಂದು, ನಮ್ಮ ಕಡೆಯಿಂದಲೇ ಹೋದ ಮುಳ್ಳುಬಳ್ಳಿ. ಭಾರತದ ಗುಡ್ಡಗಳಲ್ಲಿ ಬೆಳೆಯುವ, ಪುಟ್ಟ ಕಪ್ಪು ಹಣ್ಣು ಬಿಡುವ ಗಿಡ. ಹೊರದೇಶಗಳಲ್ಲಿ ಅದಕ್ಕೆ ಮೈಸೂರು ರಾಸ್ಪ್‌ಬೆರಿ ಅಂತಲೇ ಹೆಸರು. ಯಾರೋ ಹಣ್ಣಿಗಾಗಿ ನೆಟ್ಟರು, ಹಕ್ಕಿಗಳು ತಿಂದು ಬೀಜ ಹರಡಿದವು. ಈಗ ಸಾಂತಾ ಕ್ರೂಸ್ ದ್ವೀಪದಲ್ಲಿ ಅಲ್ಲಿನದೇ ಆದ ಸ್ಕಲೇಸಿಯಾ ಮರಗಳ ಕೆಳಗೆ ಸಸಿ ಏಳಲು ಬಿಡುತ್ತಿಲ್ಲ. ಕಿತ್ತಷ್ಟೂ ಬರುತ್ತದೆ. ಜನ ತಂದು ಬಿಟ್ಟ ಆಡುಗಳದ್ದೂ ಇದೇ ಕಥೆ. ಎರಡು ದೊಡ್ಡ ದ್ವೀಪಗಳಲ್ಲಿ ಆಮೆಗಳ ಮೇವನ್ನೆಲ್ಲ ಅವೇ ಬೋಳಿಸಿ, ಕೊನೆಗೆ 2006ರ ಹೊತ್ತಿಗೆ ಲಕ್ಷಕ್ಕೂ ಹೆಚ್ಚು ಆಡುಗಳನ್ನು ಕೊಂದು ತೆಗೆಯಬೇಕಾಯಿತು. ಇಷ್ಟು ಕೇಳಿದ ಮೇಲೆ ಇವರೇ ಎದ್ದುಹೋಗಿ ತಮ್ಮ ವಾಕಿಂಗ್ ಶೂ ಅಡಿಯನ್ನು ಹಳೆಯ ಟೂತ್‌ಬ್ರಷ್‌ನಲ್ಲಿ ತಿಕ್ಕಿದರು.

ಊಟದ ಚಿಂತೆ ನನಗಿಲ್ಲ. ಸಸ್ಯಾಹಾರಿ ಅಂತ ಮೊದಲೇ ಬರೆದು ತಿಳಿಸಿದ್ದೇವೆ. ಈಕ್ವೆಡಾರ್‌ನವರು ಅನ್ನ ತಿನ್ನುವ ಜನ. ಬಾಳೆಕಾಯಿಯನ್ನು ಜಜ್ಜಿ ಕರಿಯುತ್ತಾರೆ, ಕಾಳಿನ ಗೊಜ್ಜಿನಂಥದ್ದು ಮಾಡುತ್ತಾರೆ, ಆಲೂಗಡ್ಡೆ ಸೂಪ್ ಮಾಡುತ್ತಾರೆ, ಸೂಪಿನ ಮೇಲೆ ಪಾಪ್‌ಕಾರ್ನ್ ಉದುರಿಸಿಕೊಳ್ಳುತ್ತಾರೆ. ಬಾಳೆಕಾಯಿ ಪೋಡಿ ತಿಂದು ಬೆಳೆದವಳಿಗೆ ಇಷ್ಟು ಸಾಕು.

ಈಜು ಮಾತ್ರ ನನಗೆ ಹೊಸದು. ಸಮುದ್ರದ ಪಕ್ಕ ಹುಟ್ಟಿದರೂ ನಮ್ಮ ಕಾಲದ ಹೆಣ್ಣುಮಕ್ಕಳು ಮೊಣಕಾಲಿನ ತನಕ ಮಾತ್ರ ಇಳಿದವರು. ಪಾಲಿಕೆಯ ಈಜುಕೊಳದಲ್ಲಿ ಹೆಂಗಸರ ಹೊತ್ತಿಗೆ ಹೋಗಿ ಸೇರಿದೆ. ಮೈತುಂಬ ಮುಚ್ಚುವ ಈಜುಡುಗೆ ಈಗ ದಾದರ್‌ನಲ್ಲಿ ಧಾರಾಳ ಸಿಗುತ್ತದೆ. ಈಜು ಪೂರ್ತಿ ಬಂದಿಲ್ಲ. ಮುಖವಾಡ ಹಾಕಿ, ಕೊಳವೆಯಲ್ಲಿ ಉಸಿರಾಡುತ್ತಾ, ಲೈಫ್ ಜಾಕೆಟ್ ನಂಬಿ ಮಗುಚಿ ತೇಲುವುದು ಬಂದಿದೆ. ಮೊದಮೊದಲು ಮುಖ ನೀರಿಗಿಟ್ಟರೆ ಎದೆ ಡವಡವ. ಬಾಯಲ್ಲೇ ಉಸಿರಾಡಬೇಕು ಅನ್ನುವುದನ್ನು ಮೂಗು ಒಪ್ಪುವುದಿಲ್ಲ. ಸೊಂಟದುದ್ದ ನೀರಿನಲ್ಲಿ ನಿಂತು, ಕೊಳದ ಅಂಚು ಹಿಡಿದು, ಬರೀ ಉಸಿರಾಟವನ್ನೇ ಅಭ್ಯಾಸ ಮಾಡಿದೆ. ಅಲ್ಲಿನ ನೀರು ತಣ್ಣಗಿರುತ್ತದೆ. ಭೂಮಧ್ಯರೇಖೆ ಅಂತ ಹೆಸರಿಗೆ, ದಕ್ಷಿಣದಿಂದ ಹಂಬೋಲ್ಟ್ ಎಂಬ ತಣ್ಣನೆಯ ಪ್ರವಾಹ ಬರುತ್ತದೆ. ಜೂನ್‌ನಿಂದ ನವೆಂಬರ್ ತನಕ ಮೋಡ, ಜಿನುಗುಮಳೆ, ತಣ್ಣನೆಯ ನೀರು, ಆಗಸ್ಟ್‌ನಿಂದ ಮೂರು ತಿಂಗಳು ಸಮುದ್ರವೂ ಒರಟು. ಡಿಸೆಂಬರ್ ಕಳೆದ ಮೇಲೆ ಮೇ ತನಕ ಬೆಚ್ಚಗೆ, ಸಮುದ್ರ ಶಾಂತ. ಆದರೆ ಎಸ್ಪಾನ್ಯೋಲಾದ ಆಲ್ಬಟ್ರಾಸ್ ಹಕ್ಕಿಗಳು ಜನವರಿಯಿಂದ ಮಾರ್ಚ್ ತನಕ ಅಲ್ಲಿರುವುದಿಲ್ಲ. ಹಕ್ಕಿಯೂ ಬೇಕು, ಸಮುದ್ರವೂ ಸುಮ್ಮನಿರಬೇಕು. ನಾವು ಮೇ ತಿಂಗಳು ಆರಿಸಿದ್ದು ಹಾಗೆ.

ದುರ್ಬೀನು ಹಿಡಿಯುವ ಅಭ್ಯಾಸ ಐರೋಲಿಯಲ್ಲಿ. ಮುಲುಂಡ್‌ನಿಂದ ಸೇತುವೆ ದಾಟಿದರೆ ಠಾಣೆ ಖಾಡಿ. 2015ರಲ್ಲಿ ಫ್ಲೆಮಿಂಗೋ ಧಾಮ ಆಯಿತು, 2022ರಲ್ಲಿ ಜೌಗುಭೂಮಿಗಳ ಅಂತರರಾಷ್ಟ್ರೀಯ ರಾಮ್‌ಸಾರ್ ಪಟ್ಟಿ ಸೇರಿತು. ಚಳಿಗಾಲದಲ್ಲಿ ಅಲ್ಲಿಂದ ಅರಣ್ಯ ಇಲಾಖೆಯ ದೋಣಿ ಇದೆ, ಉಬ್ಬರದ ಹೊತ್ತು ನೋಡಿಕೊಂಡು ಬಿಡುತ್ತಾರೆ. ಅಲುಗುವ ದೋಣಿಯಲ್ಲಿ ಎಂಟು ಪಟ್ಟಿನ ದುರ್ಬೀನೇ ಸಾಕು, ಹನ್ನೆರಡು ಪಟ್ಟಿನದ್ದು ಹಿಡಿದರೆ ಹಕ್ಕಿಯ ಬದಲು ನಮ್ಮ ಕೈ ನಡುಕವೇ ಕಾಣುತ್ತದೆ. ಗಲಾಪಗೋಸ್‌ನಲ್ಲೂ ಫ್ಲೆಮಿಂಗೋಗಳಿವೆ, ಕೆಲವೇ ನೂರು. "ಮನೆ ಹಿಂದೆ ಸಾವಿರಗಟ್ಟಲೆ ಇರುವಾಗ ನೂರು ನೋಡಲು ಅಷ್ಟು ದುಡ್ಡು ಯಾಕೆ ಮಾರಾಯ್ತಿ" ಅಂತ ಇವರದ್ದು ಹಳೇ ರಾಗ. ಕ್ಯಾಮೆರಾ ಕೇಳಿದವರಿಗೆ ಉತ್ತರ ಇಲ್ಲೇ ಕೊಟ್ಟುಬಿಡುತ್ತೇನೆ. ಮೊಬೈಲ್. ಸೀಲ್ ಜಾತಿಯ ಕಡಲಸಿಂಹಗಳು ದಡದ ಬೆಂಚಿನ ಮೇಲೇ ಮಲಗುವ ಊರಿಗೆ ಮೊಳದುದ್ದದ ಲೆನ್ಸ್ ಯಾಕೆ? ಫ್ಲ್ಯಾಶ್‌ಗಂತೂ ಅಲ್ಲಿ ಅವಕಾಶವಿಲ್ಲ.

ಹಣದ ವಿಷಯ ಚುಟುಕಾಗಿ. ಈಕ್ವೆಡಾರ್‌ನಲ್ಲಿ 2000ದಿಂದ ಅಮೆರಿಕದ ಡಾಲರೇ ನಡೆಯುತ್ತದೆ. ಪಾರ್ಕಿನ ಪ್ರವೇಶಕ್ಕೆ ವಿದೇಶಿಯರಿಗೆ 100 ಡಾಲರ್ ಇದ್ದದ್ದು 2024ರ ಆಗಸ್ಟ್‌ನಿಂದ 200 ಆಗಿದೆ. ನಗದು ಇಟ್ಟುಕೊಳ್ಳುವುದು ಒಳ್ಳೆಯದು. ಇನ್ಶೂರೆನ್ಸ್‌ನಲ್ಲಿ ಮಾತ್ರ ಜಿಪುಣತನ ಬೇಡ. ಅಲ್ಲಿ ಸಾಂತಾ ಕ್ರೂಸ್ ಮತ್ತು ಸಾನ್ ಕ್ರಿಸ್ತೋಬಾಲ್ ದ್ವೀಪಗಳಲ್ಲಿ ಆಸ್ಪತ್ರೆ ಇದೆ, ದೊಡ್ಡ ತೊಂದರೆಯಾದರೆ ವಿಮಾನದಲ್ಲಿ ಗ್ವಾಯಾಕಿಲ್‌ಗೋ ಕ್ವಿಟೋಗೋ ಸಾಗಿಸಬೇಕು. ಆ ಸಾಗಾಟದ ಖರ್ಚು ಪಾಲಿಸಿಯಲ್ಲಿ ಇದೆಯಾ, ಮೊದಲೇ ಇರುವ ಕಾಯಿಲೆಗೆ ಎಷ್ಟರ ಮಟ್ಟಿಗೆ ಕೊಡುತ್ತಾರೆ, ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿ ಓದಬೇಕು. ಬಿಪಿ, ಶುಗರ್ ಮುಚ್ಚಿಡಬೇಡಿ. ಮುಚ್ಚಿಟ್ಟದ್ದು ಕ್ಲೇಮ್ ಹೊತ್ತಿಗೆ ಹೊರಗೆ ಬಂದೇ ಬರುತ್ತದೆ, ಬ್ಯಾಂಕಿನಲ್ಲಿ ಸಾಕಷ್ಟು ನೋಡಿದ್ದೇನೆ.

ದೋಣಿಯವರು ಕಳಿಸಿದ ಫಾರಂ ತುಂಬುವಾಗ ನಮ್ಮಿಬ್ಬರಿಗೆ ಜಗಳವೇ ಆಯಿತು. ನಡೆಯುವ ಸಾಮರ್ಥ್ಯ ಹೇಗಿದೆ ಅನ್ನುವ ಪ್ರಶ್ನೆಗೆ ಇವರು ಅತ್ಯುತ್ತಮ ಅಂತ ಬರೆದರು. ನಾನು ಹೊಡೆದುಹಾಕಿ, ಸಮತಟ್ಟಿನಲ್ಲಿ ಮೂರು ಕಿಲೋಮೀಟರ್, ಇಳಿಜಾರಿನಲ್ಲಿ ನಿಧಾನ, ಎಡ ಮೊಣಕಾಲು ನೋವು ಅಂತ ಬರೆದೆ. ಅರ್ಧ ದಿನ ಮಾತಿಲ್ಲ. ಸಂಜೆ ಚಹಾದ ಹೊತ್ತಿಗೆ ಇವರೇ ಬಂದು, "ಆ ಎಸ್ಪಾನ್ಯೋಲಾದ ದಾರಿ ಪೂರ್ತಿ ಬಂಡೆಗಳಂತೆ. ನನಗೆ ಆಗದಿದ್ದರೆ ನೀನೂ ದೋಣಿಯಲ್ಲಿ ಕೂರ್ತೀಯಾ?" ಅಂತ ಕೇಳಿದರು. ಇಲ್ಲ ಅಂದೆ. ಆಲ್ಬಟ್ರಾಸ್ ನೋಡಲು ನಾನು ಹೋಗುತ್ತೇನೆ, ನೀವು ಡೆಕ್ಕಿನಲ್ಲಿ ಕೂತು ಸಮುದ್ರ ನೋಡಿ. ನನಗೆ ಉಸಿರು ಹಿಡಿಯದಿದ್ದರೆ ಸ್ನಾರ್ಕೆಲಿಂಗ್‌ಗೆ ನೀವು ಹೋಗಿ, ನಾನು ಕೂರುತ್ತೇನೆ. ಒಬ್ಬರ ಕಾಲಿಗೆ ಇಬ್ಬರ ಪ್ರವಾಸ ಕಟ್ಟಿಹಾಕುವುದು ಬೇಡ. ಇವರು ಸ್ವಲ್ಪ ಹೊತ್ತು ಯೋಚಿಸಿ, "ಫೋಟೋ ತೆಗೆದುಕೊಂಡು ಬಾ, ಕೈ ನಡುಗಿಸಬೇಡ" ಅಂದರು. ಹೀಗೆ ಒಪ್ಪಂದವಾಯಿತು.

ಅದೇ ಫಾರಮಿನಲ್ಲಿ ತುರ್ತು ಸಂದರ್ಭಕ್ಕೆ ಯಾರನ್ನು ಸಂಪರ್ಕಿಸಬೇಕು ಅಂತ ಇತ್ತು. ನಾನು ಇವರ ಹೆಸರು ಬರೆದೆ, ಇವರು ನನ್ನದು ಬರೆದರು. ಇಬ್ಬರೂ ಒಂದೇ ದೋಣಿಯಲ್ಲಿ ಇರುತ್ತೀರಿ, ದಯವಿಟ್ಟು ನೆಲದ ಮೇಲಿರುವ ಒಬ್ಬರ ಹೆಸರು ಕೊಡಿ ಅಂತ ಅಲ್ಲಿಂದ ಉತ್ತರ ಬಂತು. ಪುಣೆಯಲ್ಲಿರುವ ಮಗಳ ಹೆಸರು ಕೊಟ್ಟೆವು. ಅವಳು ಒಪ್ಪಿದ್ದಾಳೆ, ಷರತ್ತಿನ ಮೇಲೆ. ಲಾಕರ್ ಕೀಲಿ ಎಲ್ಲಿದೆ, ಎಫ್‌ಡಿಗಳು ಯಾವ ಯಾವ ಬ್ಯಾಂಕಿನಲ್ಲಿವೆ, ಅಪ್ಪನ ಮೊಬೈಲಿನ ಪಾಸ್‌ವರ್ಡ್ ಏನು, ಎಲ್ಲ ಬರೆದು ಕೊಡಬೇಕಂತೆ. ಮುಂದಿನ ಶನಿವಾರ ಬರುತ್ತಾಳೆ, ಭಾನುವಾರ ನಮ್ಮ ಜೊತೆ ಎಲಿಫೆಂಟಾಕ್ಕೂ ಬರುತ್ತಾಳೆ. ಅಪ್ಪ ಕೈ ಕೊಡುತ್ತಾರಾ ಇಲ್ಲವಾ ಅಂತ ಕಣ್ಣಾರೆ ನೋಡಬೇಕಂತೆ. ಇವರು ಈಗ ಪಾಸ್‌ವರ್ಡ್ ನೆನಪು ಮಾಡಿಕೊಳ್ಳುತ್ತಾ ಕೂತಿದ್ದಾರೆ.